ಮೊದಲು ವೋಲ್ಟೇಜ್, ಆಮೇಲೆ ಕೆಲಸ

ಅರಳಗುಪ್ಪೆ ಸುತ್ತಲಿನ ತೆಂಗಿನ ತೋಟಗಳಿಗೆ ತ್ರೀ ಫೇಸ್ ಕರೆಂಟು ದಿನವಿಡೀ ಇರುವುದಿಲ್ಲ. ಅದು ನಡುರಾತ್ರಿ ಬಂದರೂ ತೋಟಕ್ಕೆ ನೀರು ಹಾಯಬೇಕು. ಆ ಹೊಣೆಯನ್ನು ಪಂಪ್‌ಸೆಟ್ಟಿನ ಆಟೋ ಸ್ಟಾರ್ಟರ್ ಹೊತ್ತಿದೆ. ಅದರ ದೊಡ್ಡ ಗುಣ ತಾಳ್ಮೆ.

ಕರೆಂಟು ಬಂದ ಮೊದಲ ಕ್ಷಣಗಳನ್ನು ನಂಬುವಂತಿಲ್ಲ. ವೋಲ್ಟೇಜ್ ಏರಿಳಿಯುತ್ತದೆ, ಒಮ್ಮೊಮ್ಮೆ ಒಂದು ಫೇಸ್ ಬಂದೇ ಇರುವುದಿಲ್ಲ. ನೇರವಾಗಿ ಚಾಲೂ ಆಗುವ ಮೋಟರು ಶುರುವಿನಲ್ಲಿ ಮಾಮೂಲಿಗಿಂತ ಸುಮಾರು 6 ಪಟ್ಟು ಕರೆಂಟು ಎಳೆಯುತ್ತದೆ. ಒಂದೇ ಟಿ.ಸಿ.ಯ (ಟ್ರಾನ್ಸ್‌ಫಾರ್ಮರಿನ) ಪಂಪುಗಳೆಲ್ಲ ಒಟ್ಟಿಗೆ ಎದ್ದರೆ ವೋಲ್ಟೇಜ್ ಕುಸಿದು ವೈಂಡಿಂಗ್ ಸುಡಬಹುದು. ಅದಕ್ಕೇ ಸ್ಟಾರ್ಟರಿನ ಟೈಮರ್ ಕಾಯುತ್ತದೆ. ಮೂರೂ ಫೇಸ್ ಸರಿಯಿದ್ದರೆ ಮಾತ್ರ ಮೋಟರನ್ನು ಎಬ್ಬಿಸುತ್ತದೆ.

ಮೊಬೈಲಿನಿಂದ ನಡೆಸುವ ಸ್ಟಾರ್ಟರುಗಳ ಒಳಗೆ ಇನ್ನೊಂದು ಕಾಯುವಿಕೆಯಿದೆ. ಅಲ್ಲಿನ ಮೈಕ್ರೋಕಂಟ್ರೋಲರ್ ಎಂಬ ಪುಟ್ಟ ಕಂಪ್ಯೂಟರಿಗೆ ಅರೆಬರೆ ವೋಲ್ಟೇಜ್ ಸಿಕ್ಕರೆ ಅದು ಆಜ್ಞೆಯನ್ನು ತಪ್ಪಾಗಿ ಓದಿ, ಬೇಡದ ಹೊತ್ತಿನಲ್ಲಿ ರಿಲೇ ಎಳೆಯಬಹುದು. ಹಳೆಯ 8051 ಚಿಪ್‌ಗೆ ಒಂದು ರೆಸಿಸ್ಟರ್, ಒಂದು ಕೆಪಾಸಿಟರ್ ಜೋಡಿಸಿ ಅದನ್ನು ರೀಸೆಟ್‌ನಲ್ಲಿ ಹಿಡಿದಿಡುತ್ತಿದ್ದರು. ಕೆಪಾಸಿಟರ್ ತುಂಬುವಷ್ಟರಲ್ಲಿ ವೋಲ್ಟೇಜ್ ನೆಲೆಗೊಳ್ಳುತ್ತಿತ್ತು. ಆರ್ಡುಯಿನೊ ಊನೊ ಬೋರ್ಡಿನ ಎಟಿಮೆಗಾ328ಪಿ ಚಿಪ್‌ನಲ್ಲಿ ಈ ಏರ್ಪಾಡು ಒಳಗೇ ಇದೆ. ಎದ್ದೇಳುವ ಮೊದಲು ಸುಮಾರು 65 ಮಿಲಿಸೆಕೆಂಡು ಕಾಯುವಂತೆ, ವೋಲ್ಟೇಜ್ ಸುಮಾರು 4.3 ವೋಲ್ಟಿಗಿಂತ ಇಳಿದರೆ ನಿಂತುಬಿಡುವಂತೆ ಅದನ್ನು ಹೊಂದಿಸಬಹುದು.

ಕಣ್ಣಿಗೆ ಕಾಣದಷ್ಟು ಚಿಕ್ಕ ವಿರಾಮ. ಇಡೀ ಯಂತ್ರದ ನಂಬಿಕೆ ಅದರ ಮೇಲೆ ನಿಂತಿದೆ.

ಸ್ಟಾರ್ಟರ್ ಕೂರಿಸುವಾಗ ಪಕ್ಕದ ತೋಟದವರೊಂದಿಗೆ ಮಾತಾಡಿ. ಒಂದೇ ಟಿ.ಸಿ.ಯ ಪಂಪುಗಳ ಟೈಮರಿಗೆ ಬೇರೆ ಬೇರೆ ಸಮಯ ಇಟ್ಟುಕೊಳ್ಳಿ. ಎಲ್ಲರ ಮೋಟರೂ ಉಳಿಯುತ್ತದೆ.