ಬಹುಒಕ್ಕಲಿನ ತಂತ್ರಾಂಶದಲ್ಲಿ ಸಂಪರ್ಕಪಲ್ಲಟ: ಒಂದು ವಿಮರ್ಶೆ

ಒಂದೇ ತಂತ್ರಾಂಶವು ಅನೇಕ ಸಂಸ್ಥೆಗಳಿಗೆ ಏಕಕಾಲದಲ್ಲಿ ಸೇವೆ ಸಲ್ಲಿಸುವಾಗ, ಆ ಸಂಸ್ಥೆಗಳಲ್ಲಿ ಒಂದೊಂದಕ್ಕೂ ಇಂಗ್ಲಿಷಿನಲ್ಲಿ ಟೆನೆಂಟ್ ಎಂಬ ಹೆಸರು ಸಲ್ಲುತ್ತದೆ. ಅದಕ್ಕೆ ನಮ್ಮ ‘ಒಕ್ಕಲು’ ಎಂಬ ಮಾತು ಚೆನ್ನಾಗಿ ಒಪ್ಪುವುದು. ಒಕ್ಕಲಿಗೊಂದು ಡೇಟಾಬೇಸ್ ಇರುವಲ್ಲಿ, ಬಂದ ಕೋರಿಕೆ ಯಾರದೆಂಬುದನ್ನು ಅರಿತು, ತಂತ್ರಾಂಶವು ನಡೆಯುತ್ತಿರುವಾಗಲೇ ತಕ್ಕ ಡೇಟಾಬೇಸಿನೊಡನೆ ಸಂಪರ್ಕವನ್ನು ಕಲ್ಪಿಸಬೇಕಾಗುತ್ತದೆ. ಜಾವಾ ಭಾಷೆಯಲ್ಲಿ ಬರೆಯುವವರು ಈ ಕಾರ್ಯಕ್ಕೆ ಆಶ್ರಯಿಸುವ ಸಾಧನಗಳಲ್ಲಿ ಸ್ಪ್ರಿಂಗ್ ಚೌಕಟ್ಟಿನ ‘ಅಬ್‌ಸ್ಟ್ರಾಕ್ಟ್ ರೂಟಿಂಗ್ ಡೇಟಾಸೋರ್ಸ್’ ಎಂಬ ಕ್ಲಾಸು ಪ್ರಸಿದ್ಧವಾದುದು. 2006ರಲ್ಲಿ ಸ್ಪ್ರಿಂಗ್ 2.0.1ರೊಡನೆ ಹೊರಬಂದ ಈ ಕಿರುಕೃತಿಯ ಗುಣದೋಷಗಳನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಗುಣವನ್ನು ಮೊದಲು ಹೇಳುವುದು ನ್ಯಾಯ. ಇದನ್ನು ಬಳಸುವವನು ತುಂಬಬೇಕಾದುದು ಒಂದೇ ಒಂದು ಸ್ಥಾನ: ಈಗಿನ ಒಕ್ಕಲಿನ ಗುರುತು ಯಾವುದು ಎಂಬ ಪ್ರಶ್ನೆಗೆ ಉತ್ತರ. ಸಂಪರ್ಕವನ್ನು ಬೇಡಿದ ಕ್ಷಣದಲ್ಲಿ ಕ್ಲಾಸು ಆ ಗುರುತನ್ನು ಕೇಳಿ ತಕ್ಕ ಡೇಟಾಬೇಸನ್ನು ಆರಿಸಿಕೊಡುತ್ತದೆ. ಉಳಿದ ಬರವಣಿಗೆಗೆ ಈ ಆಯ್ಕೆಯ ಸುಳಿವೇ ಇರದು. ಇಷ್ಟು ಮಿತವಾದ ರಚನೆ ಶ್ಲಾಘ್ಯವೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಗುರುತು ಪಟ್ಟಿಯಲ್ಲಿ ಇಲ್ಲದಿದ್ದರೆ ಏನು ಗತಿ? ಮೂಲನಿಯೋಜಿತ ಡೇಟಾಬೇಸೊಂದನ್ನು ಕೊಟ್ಟಿದ್ದಲ್ಲಿ ಕ್ಲಾಸು ಮೌನವಾಗಿ ಅದನ್ನೇ ಒದಗಿಸುತ್ತದೆ. ಇದಕ್ಕೆ ಕರ್ತೃಗಳಿಟ್ಟ ಹೆಸರು ‘ಲೀನಿಯೆಂಟ್ ಫಾಲ್‌ಬ್ಯಾಕ್’, ಎಂದರೆ ಉದಾರವಾದ ಹಿಂಜರಿಕೆ. ಈ ಔದಾರ್ಯವನ್ನು ನಿಲ್ಲಿಸುವ ಅವಕಾಶವುಂಟು, ನಿಜ. ಆದರೆ ನಿಲ್ಲಿಸಿದ ಮೇಲೆಯೂ ಗುರುತೇ ಶೂನ್ಯವಾಗಿದ್ದರೆ ಮೂಲನಿಯೋಜಿತ ಡೇಟಾಬೇಸೇ ದೊರೆಯುವುದು. ಹಿನ್ನೆಲೆಯಲ್ಲಿ ನಡೆಯುವ ಕೆಲಸದಲ್ಲಿ ಗುರುತನ್ನು ಇಡಲು ಮರೆತಾಗ ಆಗುವುದು ಇದೇ. ಆ ಡೇಟಾಬೇಸು ಒಬ್ಬ ಒಕ್ಕಲಿನದಾಗಿದ್ದರೆ, ಒಂದು ಆಸ್ಪತ್ರೆಯ ರೋಗಿಯ ವಿವರ ಇನ್ನೊಂದು ಆಸ್ಪತ್ರೆಯ ಕಡತವನ್ನು ಸೇರುವುದು. ದೋಷಸೂಚನೆ ಮಾತ್ರ ಎಲ್ಲಿಯೂ ಕಾಣದು.

ಇನ್ನೊಂದು ಸೂಕ್ಷ್ಮವೂ ಉಂಟು. ಸಾಮಾನ್ಯವಾಗಿ ಟ್ರಾನ್ಸಾಕ್ಷನ್ ಆರಂಭವಾದಾಗಲೇ ಸಂಪರ್ಕವು ಅದಕ್ಕೆ ಕಟ್ಟುಬೀಳುತ್ತದೆ. ನಡುವೆ ಗುರುತನ್ನು ಬದಲಾಯಿಸಿದರೂ ಸಂಪರ್ಕ ಬದಲಾಗದು. ಗುರುತನ್ನು ಥ್ರೆಡ್ಡಿನಲ್ಲಿಟ್ಟು ಕೊನೆಗೆ ಅಳಿಸದಿದ್ದರೆ, ಅದೇ ಥ್ರೆಡ್ಡು ಮುಂದಿನ ಕೋರಿಕೆಗೆ ಬಳಕೆಯಾದಾಗ ಹಿಂದಿನವನ ಗುರುತೇ ಉಳಿದಿರಬಹುದು.

ಓದುವ ಕೋರಿಕೆಯನ್ನು ಪ್ರತಿಗೂ ಬರೆಯುವುದನ್ನು ಮೂಲಕ್ಕೂ ಕಳುಹಿಸುವ ಸಂದರ್ಭದಲ್ಲಿ ಈ ಔದಾರ್ಯ ತಪ್ಪಲ್ಲವೆಂದು ಕೆಲವರು ಹೇಳಬಹುದು. ಒಪ್ಪತಕ್ಕ ಮಾತೇ, ಅಲ್ಲಿ ಎರಡೂ ಕಡೆ ಇರುವುದು ಒಬ್ಬನದೇ ಸೊತ್ತು. ಒಕ್ಕಲುಗಳ ವಿಷಯದಲ್ಲಾದರೋ ಸೊತ್ತು ಬೇರೆಬೇರೆಯವರದು. ಆದುದರಿಂದ ಇಲ್ಲಿ ಮೂಲನಿಯೋಜಿತ ಡೇಟಾಬೇಸನ್ನು ಕೊಡದೆಯೇ ಇರುವುದು ಯುಕ್ತವೆಂದು ನಮ್ಮ ಮತ. ಆಗ ಗುರುತು ಸಿಕ್ಕದ ಕೋರಿಕೆ ದೋಷಸೂಚನೆಯೊಡನೆ ನಿಂತುಹೋಗುವುದು. ಥ್ರೆಡ್ಡಿನಲ್ಲಿ ಉಳಿದ ಹಳೆಯ ಗುರುತನ್ನಾದರೋ ಈ ಉಪಾಯವೂ ತಡೆಯದು. ಅದನ್ನು ಪ್ರತಿಯೊಂದು ಕೋರಿಕೆಯ ಕೊನೆಯಲ್ಲಿಯೂ ಅಳಿಸುವ ಹೊಣೆ ಬರೆಯುವವನದೇ.