ರಕ್ಕಸನಿಗೂ ಒಂದು ಅರ್ಥ ಬೇಕು

ಫೆಬ್ರವರಿಯ ಒಂದು ರಾತ್ರಿ ಹತ್ತೂವರೆಗೆ ಅಕ್ಕನ ಮಗಳ ಫೋನ್. "ಮಾವ, ಅರ್ಜೆಂಟ್. ಕನ್ನಡದಲ್ಲಿ ಒಂದು ಶಾಪ ಹೇಳು. ಕೇಳೋಕೆ ಭಯ ಆಗಬೇಕು."

ಯಾರಿಗೆ ಅಂತ ಕೇಳಿದೆ.

"ಪುಲಾಸ್ಕಿ ಸ್ಕೈವೇ ಕೆಳಗೆ ಒಂದು ಪಿಶಾಚಿ ಇದೆ, ಅದಕ್ಕೆ."

ನನ್ನ ಅಜ್ಜಿ ಸಿಟ್ಟು ಬಂದಾಗ ಹೇಳುತ್ತಿದ್ದದ್ದು ನೆನಪಾಯ್ತು. "ನಿನ್ನ ಒಲೆಯಲ್ಲಿ ಬೆಕ್ಕು ಮಲಗಲಿ" ಅಂದೆ. ಅವಳು ಅದನ್ನೇ ಎರಡು ಸಲ, ಗಂಟಲು ದಪ್ಪ ಮಾಡಿಕೊಂಡು ಹೇಳಿದಳು. ಆ ಕಡೆಯಿಂದ ದಾಳ ಉರುಳಿದ ಸದ್ದು, ಆಮೇಲೆ ನಾಲ್ಕೈದು ಜನರ ಕೂಗು. ಪಿಶಾಚಿ ಸತ್ತಿತ್ತು. ಒಲೆಯಲ್ಲಿ ಬೆಕ್ಕು ಮಲಗೋದು ಅಂದ್ರೆ ಆ ಮನೆಯಲ್ಲಿ ಬೇಯಿಸೋಕೆ ಏನೂ ಇಲ್ಲ, ಒಲೆ ಹಚ್ಚಿ ದಿನಗಳಾದವು ಅಂತ. ಅದನ್ನು ವಿವರಿಸುವಷ್ಟರಲ್ಲಿ ಅವಳು ಫೋನ್ ಇಟ್ಟಾಗಿತ್ತು.

ಈ ಆಟ ಗೊತ್ತಿರುವವರು ಮುಂದಿನ ಪ್ಯಾರಾ ಹಾರಿಸಬಹುದು. ಗೊತ್ತಿಲ್ಲದವರಿಗೆ ಹೇಳ್ತೇನೆ. ಐದಾರು ಜನ ಡಿಸ್ಕಾರ್ಡ್‌ನಲ್ಲಿ, ಅವರವರ ಮನೆಯಲ್ಲೇ ಕೂತು, ಸೇರುತ್ತಾರೆ. ಒಬ್ಬರು ಲೋಕ ಕಟ್ಟುತ್ತಾರೆ, ಉಳಿದವರು ಒಂದೊಂದು ಪಾತ್ರ ಹಿಡಿದು ಅದರ ಬಾಯಲ್ಲಿ ಮಾತಾಡುತ್ತಾರೆ. ಬರೆದಿಟ್ಟ ಸಂಭಾಷಣೆ ಇಲ್ಲ. ಗೆದ್ದೆಯೋ ಸೋತೆಯೋ ಎಂಬ ಅನುಮಾನ ಬಂದಲ್ಲಿ ಇಪ್ಪತ್ತು ಮುಖದ ದಾಳ ತೀರ್ಮಾನ ಮಾಡುತ್ತದೆ. 1974ರ 'ಡಂಜನ್ಸ್ ಅಂಡ್ ಡ್ರಾಗನ್ಸ್' ಇದರ ಮೂಲ. ಅಲ್ಲಿ ಕೋಟೆ, ಕತ್ತಿ, ಡ್ರ್ಯಾಗನ್. ಈಗಿನ ಅನೇಕ ಮಕ್ಕಳಿಗೆ ಕೋಟೆ ಬೇಡ, ತಾವು ಓಡಾಡುವ ಊರೇ ಬೇಕು. ಸಬ್‌ವೇ, ಲಾಂಡ್ರಿ, ಡೆಲಿ ಎಲ್ಲ ಇದ್ದ ಹಾಗೇ ಇದ್ದು, ಅದರ ಸಂದಿಯಲ್ಲಿ ಮಾಟ, ಮಾಯೆ, ಪಿಶಾಚಿ. ಅದಕ್ಕೆ ಅರ್ಬನ್ ಫ್ಯಾಂಟಸಿ ಅಂತ ಹೆಸರು.

ನಮಗೆ ಇದು ಹೊಸದೇನೂ ಅಲ್ಲ ಬಿಡಿ. ತೊಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲಿದ್ದವರನ್ನು ಕೇಳಿ. ರಾತ್ರಿ ಬಾಗಿಲು ಬಡಿದು, ಗುರುತಿನವರ ದನಿಯಲ್ಲಿ ಕರೆಯುವ ಹೆಣ್ಣು ದೆವ್ವಕ್ಕೆ ಇಡೀ ಬಡಾವಣೆಗಳು ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆದಿದ್ದವು. ದೆವ್ವ ಬರುತ್ತೆ, ಓದುತ್ತೆ, ವಾಪಸ್ ಹೋಗುತ್ತೆ. ದಿನಾ. ದೆವ್ವಕ್ಕೆ ಕನ್ನಡ ಓದೋಕೆ ಬರುತ್ತೆ ಅಂತ ಎಲ್ಲರೂ ಒಪ್ಪಿಕೊಂಡೇ ಆಡಿದ ಆಟ ಅದು!

ಅಕ್ಕನ ಮಗಳು ಈ ಹುಚ್ಚಿಗೆ ಬಿದ್ದದ್ದು 'ದಿ ಅನ್‌ಸ್ಲೀಪಿಂಗ್ ಸಿಟಿ' ನೋಡಿ. 'ಡೈಮೆನ್ಷನ್ 20' ಎಂಬ ಕಾರ್ಯಕ್ರಮದ 2019ರ ಸರಣಿ ಅದು. ಬ್ರೆನನ್ ಲೀ ಮಲ್ಲಿಗನ್ ಆಟ ನಡೆಸುತ್ತಾರೆ, ಆರು ಜನ ಹಾಸ್ಯನಟರು ಆಡುತ್ತಾರೆ, ನಾವು ನೋಡುತ್ತೇವೆ. ಬೇರೆಯವರು ಆಟ ಆಡುವುದನ್ನು ಗಂಟೆಗಟ್ಟಲೆ ನೋಡೋದೇ ಅಂತ ಮೂಗು ಮುರಿದವರಲ್ಲಿ ನಾನೂ ಒಬ್ಬ. ಅದೇ ಆಟಕ್ಕೆ 2025ರ ಜನವರಿಯಲ್ಲಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಜನ ಟಿಕೆಟ್ ತಗೊಂಡು ಕೂತರು. ಹಾಗಾಗಿ ಮೂಗು ಸರಿ ಮಾಡಿಕೊಂಡು ಮೊದಲಿನಿಂದ ನೋಡಿದೆ.

ಚೆನ್ನಾಗಿದೆ. ಅದನ್ನು ಮೊದಲೇ ಹೇಳಿಬಿಡ್ತೇನೆ. ಇಲ್ಲಿ ನಗರವನ್ನು ಕಾಯುವವರು ರಾಜಕುಮಾರರಲ್ಲ. ಹಾರ್ಲೆಮ್‌ನ ಒಬ್ಬ ನರ್ಸ್, ಸ್ಟೇಟನ್ ಐಲೆಂಡ್‌ನ ಒಬ್ಬಳು ಹೇರ್‌ಡ್ರೆಸರ್, ಒಬ್ಬ ಅಗ್ನಿಶಾಮಕ ದಳದವನು, ಇಲಿಯಾಗಿ ಹೋದ ಒಬ್ಬ ಮನುಷ್ಯ. ನರ್ಸ್ ಕಿಂಗ್‌ಸ್ಟನ್ ಬ್ರೌನ್‌ನನ್ನು ಲೂ ವಿಲ್ಸನ್ ಆಡುವ ರೀತಿ ನೋಡಬೇಕು. ಮೊಹಲ್ಲಾದ ಪ್ರತಿಯೊಬ್ಬರ ತಾಯಿ ಹೆಸರೂ ಗೊತ್ತಿರುವ ಮನುಷ್ಯನ ಹಾಗೆ ಮಾತಾಡುತ್ತಾನೆ. ಅವನ ಶಕ್ತಿ ಇರೋದೇ ಅಲ್ಲಿ. ಇನ್ನೊಂದು ಒಳ್ಳೆಯ ಕಲ್ಪನೆ, ಮಾಯೆಯ ತೆರೆ. 'ಅಂಬ್ರಲ್ ಅರ್ಕಾನಾ' ಅಂತ ಅದರ ಹೆಸರು. ರಸ್ತೆಯಲ್ಲಿ ಡ್ರ್ಯಾಗನ್ ಹೋದರೂ ಸಾಮಾನ್ಯರ ಮನಸ್ಸು ಅದಕ್ಕೊಂದು ಸಬೂಬು ಹುಡುಕಿಕೊಂಡು ಮರೆತುಬಿಡುತ್ತದೆ. ಕಂಡರೂ ಕಂಡದ್ದಲ್ಲ. ಈ ತೆರೆಯ ವಿಷಯಕ್ಕೆ ಮತ್ತೆ ಬರ್ತೇನೆ.

ನನ್ನ ತಕರಾರು ಖಳನ ಬಗ್ಗೆ. ಆತ ರಾಬರ್ಟ್ ಮೋಸಸ್. ಕಲ್ಪನೆಯಲ್ಲ, 1888ರಿಂದ 1981ರವರೆಗೆ ಬದುಕಿದ್ದ ಮನುಷ್ಯ. ಒಂದು ಚುನಾವಣೆಯನ್ನೂ ಗೆಲ್ಲದೆ ದಶಕಗಳ ಕಾಲ ನ್ಯೂಯಾರ್ಕಿನ ಸೇತುವೆ, ಪಾರ್ಕು, ಹೆದ್ದಾರಿ ಯಾವುದು ಎಲ್ಲಿ ಅಂತ ತೀರ್ಮಾನ ಮಾಡಿದಾತ. ನೀವು ಜಾರ್ಜ್ ವಾಷಿಂಗ್ಟನ್ ಸೇತುವೆ ದಾಟಿ ಕ್ರಾಸ್ ಬ್ರಾಂಕ್ಸ್‌ನಲ್ಲಿ ಒಂದು ಗಂಟೆ ನಿಂತಿದ್ದೀರಲ್ಲ, ಆ ರಸ್ತೆಗಾಗಿ ಸಾವಿರಾರು ಸಂಸಾರಗಳನ್ನು ಎಬ್ಬಿಸಿದವನು. ರಾಬರ್ಟ್ ಕಾರೋ 1974ರಲ್ಲಿ ಅವನ ಮೇಲೆ ಸಾವಿರ ಪುಟ ದಾಟಿದ ಪುಸ್ತಕ ಬರೆದರು. ಸರಣಿಯಲ್ಲಿ ಆತ ಸತ್ತೂ ಸಾಯದ ಮಾಂತ್ರಿಕ. ಕೊನೆಗೆ ಎದ್ದು ನಿಲ್ಲುವ ರಾಕ್ಷಸ ಯಾರು ಗೊತ್ತಾ? ಸಾಕ್ಷಾತ್ ಅಮೆರಿಕನ್ ಡ್ರೀಮ್. ಎಚ್‌ಒನ್‌ಬಿ ಸಾಲಿನಲ್ಲಿ ವರ್ಷಗಟ್ಟಲೆ ನಿಂತವರು ಇದನ್ನು ನೋಡಿ ನಗಬೇಕೋ ಅಳಬೇಕೋ ತಿಳಿಯದೆ ಕೂರಬಹುದು.

ಇಷ್ಟು ದೊಡ್ಡ ಎದುರಾಳಿಯನ್ನು ತಂದು ನಿಲ್ಲಿಸಿ, ಅವನಿಗೆ ಮಾತೇ ಕೊಟ್ಟಿಲ್ಲ ಅನ್ನೋದು ನನ್ನ ದೂರು. ಅವನು ಬೆದರಿಸುತ್ತಾನೆ, ಹಂಗಿಸುತ್ತಾನೆ, ಆಮೇಲೆ ದಾಳ ಉರುಳುತ್ತದೆ. ಮೋಸಸ್ ಬಳಿ ವಾದ ಇರಲಿಲ್ಲವೇ? ಬೀಚು ಕಟ್ಟಿದ, ಈಜುಕೊಳ ಕಟ್ಟಿದ, ಇವತ್ತಿಗೂ ಜನ ಅಲ್ಲೇ ಈಜುತ್ತಾರೆ. "ನಾನು ಹಾಕಿದ ರಸ್ತೆಯ ಮೇಲೆಯೇ ಕಾರು ಓಡಿಸಿಕೊಂಡು ನನ್ನನ್ನು ಕೊಲ್ಲೋಕೆ ಬಂದಿರಾ?" ಅಂತ ಆತ ಒಂದು ಸಲ ಕೇಳಿದ್ದರೆ ಆ ಆರು ಜನ ಏನು ಹೇಳುತ್ತಿದ್ದರು? ಆ ಪ್ರಶ್ನೆಯ ಮುಂದೆ ಅವರು ತಡವರಿಸುವುದನ್ನು ನಾನು ನೋಡಬೇಕಿತ್ತು.

ನಾನು ಹೀಗೆ ಕೇಳಲು ಕಾರಣ, ನಾನು ಬೆಳೆದದ್ದು ತಾಳಮದ್ದಳೆ ಕೇಳಿ. ಕರಾವಳಿಯವರಲ್ಲದವರಿಗೆ ಸ್ವಲ್ಪ ಹೇಳಬೇಕು. ಮಳೆಗಾಲದಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ನಿಂತಾಗ ಯಾರದೋ ಮನೆಯ ಚಾವಡಿಯಲ್ಲೋ ದೇವಸ್ಥಾನದಲ್ಲೋ ಕೂಟ ಸೇರುತ್ತದೆ. ವೇಷ ಇಲ್ಲ, ಕುಣಿತ ಇಲ್ಲ. ಪಂಚೆ, ಶಾಲು ಹಾಕಿಕೊಂಡು ಎದುರುಬದುರು ಕೂರುತ್ತಾರೆ. ಭಾಗವತರು ಪ್ರಸಂಗದ ಪದ ಹಾಡುತ್ತಾರೆ. ಪಾತ್ರ ವಹಿಸಿದ ಅರ್ಥಧಾರಿ ಆ ಪದದ ಎಳೆ ಹಿಡಿದು ಅಲ್ಲೇ, ಆಗಲೇ ಮಾತು ಕಟ್ಟುತ್ತಾನೆ. ಆ ಮಾತಿಗೆ 'ಅರ್ಥ' ಅಂತಲೇ ಹೆಸರು. ಎದುರಿನವನು ಏನು ಕೇಳುತ್ತಾನೋ ಇವನಿಗೆ ಗೊತ್ತಿರೋದಿಲ್ಲ. ವಾಲಿ ಸಾಯಲೇಬೇಕು, ಅದು ಎಲ್ಲರಿಗೂ ಗೊತ್ತು. ಆದರೆ ಮರೆಯಲ್ಲಿ ನಿಂತು ಬಾಣ ಬಿಟ್ಟದ್ದೇಕೆ ಅಂತ ಬಿದ್ದಲ್ಲಿಂದಲೇ ಕೇಳುವ ವಾಲಿಗೆ ರಾಮ ಉತ್ತರ ಕೊಟ್ಟೇ ತೀರಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು, ಮಾಗಧನನ್ನು ಕೇಳಿದವರು ಇವತ್ತಿಗೂ ಅದರ ಮಾತಾಡುತ್ತಾರೆ. ಸೋಲುವ ಪಾತ್ರಕ್ಕೆ ಜನ ಕಿವಿಗೊಟ್ಟು ಕೂರುತ್ತಿದ್ದರು.

ತಾಳಮದ್ದಳೆಯಲ್ಲಿ ಕಥೆಗೆ ಬೇಲಿ ಇದೆ, ಮಾತಿಗಿಲ್ಲ. ಈ ದಾಳದ ಆಟದಲ್ಲಿ ಕಥೆ ಎತ್ತ ಬೇಕಾದರೂ ಹೋಗಬಹುದು, ಆದರೆ ಮಾತು ತಮಾಷೆಗೂ ಹೊಡೆದಾಟಕ್ಕೂ ನಡುವೆ ಸಿಕ್ಕಿಕೊಳ್ಳುತ್ತದೆ. ಇದಕ್ಕೆ ಒಂದು ಕಾರಣ ಅವರ ಇಂಪ್ರೂವ್ ಪದ್ಧತಿ. ಜೊತೆಗಾರ ಹೇಳಿದ್ದನ್ನು ಒಪ್ಪಿಕೊಂಡು ಮುಂದಕ್ಕೆ ಬೆಳೆಸು ಅನ್ನೋದು ಅಲ್ಲಿಯ ಮೊದಲ ಪಾಠ. ಒಳ್ಳೆಯ ಪಾಠವೇ, ಸ್ನೇಹ ಬೆಳೆಯುತ್ತದೆ. ನಮ್ಮ ಕೂಟದಲ್ಲಿ ಮೊದಲ ಪಾಠ ಒಪ್ಪದೇ ಇರೋದು. ಅಹಂಕಾರ ಜಾಸ್ತಿಯಾಗಿ ಕೂಟ ಕೆಟ್ಟದ್ದೂ ಉಂಟು, ಅದನ್ನು ಮುಚ್ಚಿಡೋದಿಲ್ಲ.

ಅಂದ ಹಾಗೆ ಕೋವಿಡ್ ಕಾಲದಲ್ಲಿ ಎರಡೂ ಪರದೆಗೆ ಬಂದವು. 'ಅನ್‌ಸ್ಲೀಪಿಂಗ್ ಸಿಟಿ'ಯ ಎರಡನೇ ಭಾಗವನ್ನು ಅವರು ತಂತಮ್ಮ ಮನೆಯಿಂದಲೇ ಆಡಿದರು. ಇಲ್ಲಿ ಎಡಿಸನ್‌ನಲ್ಲಿ ನಾನು ಬೆಳಗಿನ ಕಾಫಿ ಹಿಡಿದು ಆನ್‌ಲೈನ್ ತಾಳಮದ್ದಳೆಗೆ ಕೂರುತ್ತಿದ್ದೆ. ಚೆಂಡೆ ಮದ್ದಳೆಗೆ ನೆಟ್‌ವರ್ಕಿನ ಅರೆ ಕ್ಷಣದ ತಡವೂ ಆಗೋದಿಲ್ಲ, ತಾಳ ತಪ್ಪುತ್ತದೆ. ಮಾತಿಗೆ ಆ ತಡ ಅಡ್ಡಿಯಾಗಲಿಲ್ಲ. ಪ್ರಶ್ನೆ ಕೇಳಿ, ಆ ಕಡೆ ಮುಖ ಒಂದು ಕ್ಷಣ ಸ್ತಬ್ಧವಾಗಿ, ಆಮೇಲೆ ಉತ್ತರ ಬಂದಾಗ ಅದಕ್ಕೆ ತೂಕ ಜಾಸ್ತಿ ಅನಿಸುತ್ತಿತ್ತು.

ಇಷ್ಟೆಲ್ಲ ಅಕ್ಕನ ಮಗಳಿಗೆ ಹೇಳಿದೆ. "ಸರಿ ಮಾವ, ಆದರೆ ನಮ್ಮ ಗೇಮ್‌ನಲ್ಲಿ ನಿನ್ನ ವಾಲಿಗೆ ಜಾಗ ಎಲ್ಲಿ?" ಅಂದಳು. ನ್ಯಾಯವಾದ ಪ್ರಶ್ನೆ. ನಮ್ಮವರು ಈ ಆಟಗಳಲ್ಲಿ ಸಿಗೋದು ಯಾವ ರೂಪದಲ್ಲಿ? ಡಂಜನ್ಸ್ ಅಂಡ್ ಡ್ರಾಗನ್ಸ್‌ನಲ್ಲಿ 'ರಾಕ್ಷಸ' ಎಂಬ ಪ್ರಾಣಿಯೇ ಇದೆ. ಹುಲಿ ತಲೆ, ಹಿಂದುಮುಂದಾದ ಅಂಗೈ. ರಾಮಾಯಣಕ್ಕಿಂತ ಹೆಚ್ಚಾಗಿ ಅದು 'ಕೋಲ್‌ಚಾಕ್' ಎಂಬ ಅಮೆರಿಕನ್ ಟಿವಿ ಸರಣಿಯ ಒಂದು ಕಂತಿನಿಂದ ಹುಟ್ಟಿದ್ದು. ನಮ್ಮ ಬಣ್ಣದ ವೇಷ ತೆರೆಯ ಹಿಂದಿನಿಂದ ಅಬ್ಬರ ಕೊಡುತ್ತಿದ್ದದ್ದನ್ನು ಕಂಡವರಿಗೆ ಈ ಹುಲಿರಾಯ ಸಪ್ಪೆ. ಅನ್‌ಸ್ಲೀಪಿಂಗ್ ಸಿಟಿಯ ಲೋಕವೂ ಐದು ಬರೋಗಳ ಸುತ್ತಲೇ ಸುತ್ತುತ್ತದೆ. ಹಡ್ಸನ್‌ನ ಈಚೆ ದಡವನ್ನೂ ಲೆಕ್ಕಕ್ಕೆ ಹಿಡಿದವರು ಕಾದಂಬರಿಕಾರ್ತಿ ಎನ್. ಕೆ. ಜೆಮಿಸಿನ್. 2020ರ 'ದಿ ಸಿಟಿ ವಿ ಬಿಕೇಮ್'ನಲ್ಲಿ ಕ್ವೀನ್ಸ್ ಅಂದ್ರೆ ಪದ್ಮಿನಿ ಎಂಬ ತಮಿಳು ಹುಡುಗಿ, ಕೊನೆಗೆ ಜೆರ್ಸಿ ಸಿಟಿಗೂ ಒಂದು ಆಸನ ಸಿಗುತ್ತದೆ. (ಓದದೇ ಇರುವವರು ಕ್ಷಮಿಸಿ.)

ಬೇರೆ ದಾರಿ ನಮ್ಮಲ್ಲೇ ಇದೆ: ಸ್ಥಳಪುರಾಣ. ಮೂಲ್ಕಿಯ ಬಪ್ಪನಾಡಿನ ಕಥೆ ನೋಡಿ. ಶಾಂಭವಿ ನದಿಯಲ್ಲಿ ಬಪ್ಪ ಬ್ಯಾರಿ ಎಂಬ ಮುಸ್ಲಿಂ ವ್ಯಾಪಾರಿಯ ದೋಣಿ ನಿಂತುಬಿಡುತ್ತದೆ, ನೀರು ಕೆಂಪಾಗುತ್ತದೆ, ದೇವಿ ಅವನ ಕನಸಿನಲ್ಲಿ ಬಂದು ನನಗೊಂದು ಗುಡಿ ಕಟ್ಟಿಸು ಅನ್ನುತ್ತಾಳೆ. ಯಕ್ಷಗಾನದಲ್ಲಿ ಆ ಬಪ್ಪ ಬ್ಯಾರಿಗೆ ಜೀವ ಕೊಟ್ಟವರೂ ಶೇಣಿಯವರೇ. ನಿಜವಾದ ನದಿ, ನಿಜವಾದ ಪೇಟೆ, ಹೊರಗಿನಿಂದ ಬಂದ ವ್ಯಾಪಾರ, ಆ ಊರಿನಲ್ಲಿ ಯಾರು ಯಾರಿಗೆ ಋಣಿ ಅನ್ನುವ ಲೆಕ್ಕ, ಎಲ್ಲ ಆ ಒಂದು ಕಥೆಯಲ್ಲಿದೆ. ಜೆರ್ಸಿಗೆ ಇಂಥದ್ದೊಂದು ಕಟ್ಟು ಅಂದೆ ಅವಳಿಗೆ.

ಅವರ ಆಟ ಆಗಲೇ ಜರ್ನಲ್ ಸ್ಕ್ವೇರ್ ಹತ್ತಿರ ಬಂದಿತ್ತು. ಪಾತ್ ಸ್ಟೇಷನ್‌ನಿಂದ ನಾಲ್ಕು ಹೆಜ್ಜೆ ನಡೆದರೆ ನೂವರ್ಕ್ ಅವೆನ್ಯೂ, ಇಂಡಿಯಾ ಸ್ಕ್ವೇರ್. ಆ ಬೀದಿಯಲ್ಲಿ ಒಂದು ನೆರಳು ಇದೆ ಅಂತ ಮಕ್ಕಳು ಮಾಡಿಕೊಂಡಿದ್ದರು. ಯಾಕೆ ಇದೆ ಅಂತ ಅವರಿಗೂ ಗೊತ್ತಿರಲಿಲ್ಲ. "ಸುಮ್ಮನೆ, ಸ್ಪೂಕಿ ಆಗಿರಲಿ ಅಂತ." ಅದನ್ನು ಕೇಳಿ ನನಗೆ ಒಂದು ನಿಮಿಷ ಮಾತು ಹೊರಡಲಿಲ್ಲ.

ನಾನು ಬಂದದ್ದು 1996ರಲ್ಲಿ. ಮೊದಲ ಮನೆ ಅಲ್ಲೇ ಹತ್ತಿರ. ಪಕ್ಕದ ಅಪಾರ್ಟ್‌ಮೆಂಟಿನ ಹಿರಿಯರೊಬ್ಬರು ಚಹಾ ಕೊಟ್ಟು, ನಾನೇನೂ ಕೇಳದೆ ಇದ್ದರೂ ಹೇಳಿದ್ದರು. 1987ರ ಬೇಸಿಗೆಯಲ್ಲಿ 'ದಿ ಜೆರ್ಸಿ ಜರ್ನಲ್' ಪತ್ರಿಕೆಗೆ ಒಂದು ಕಾಗದ ಬಂದು ಅಚ್ಚಾಯಿತು. ಬರೆದವರು ತಮ್ಮನ್ನು 'ಡಾಟ್‌ಬಸ್ಟರ್ಸ್' ಅಂತ ಕರೆದುಕೊಂಡರು. ಡಾಟ್ ಅಂದ್ರೆ ನಮ್ಮ ಹೆಂಗಸರ ಹಣೆಯ ಕುಂಕುಮ. ಭಾರತೀಯರನ್ನು ಜೆರ್ಸಿ ಸಿಟಿಯಿಂದ ಓಡಿಸಲು ಏನು ಬೇಕಾದರೂ ಮಾಡುತ್ತೇವೆ ಅಂತ ಅದರಲ್ಲಿತ್ತು. ಆ ಸೆಪ್ಟೆಂಬರಿನಲ್ಲಿ ನವ್ರೋಜ್ ಮೋದಿ ಎಂಬ ಯುವಕನನ್ನು ಹೊಬೋಕನ್‌ನ ರಸ್ತೆಯಲ್ಲಿ ಹೊಡೆದರು. ಕೆಲವೇ ದಿನಗಳಲ್ಲಿ ಆತ ತೀರಿಕೊಂಡ. ಸಂಜೆ ಮೇಲೆ ಕುಂಕುಮ ಅಳಿಸಿಕೊಂಡು ಹೊರಗೆ ಹೋಗುತ್ತಿದ್ದ ತಮ್ಮ ಹೆಂಡತಿಯ ಬಗ್ಗೆ ಆ ಹಿರಿಯರು ಹೇಳಿದ್ದು ನನಗೆ ಈಗಲೂ ಕೇಳಿಸುತ್ತದೆ. ಮೂರು ವರ್ಷಕ್ಕೆ ನಾನು ಎಡಿಸನ್‌ಗೆ ಬಂದೆ. ಓಕ್ ಟ್ರೀ ರೋಡ್, ಸಂಘದ ಯುಗಾದಿ, ಮಕ್ಕಳ ಕನ್ನಡ ಕ್ಲಾಸು. ಇಷ್ಟು ವರ್ಷದಲ್ಲಿ ಆ ಕಥೆಯನ್ನು ನಾನು ಯಾವ ಮಗುವಿಗೂ ಹೇಳಿರಲಿಲ್ಲ. ಅನ್‌ಸ್ಲೀಪಿಂಗ್ ಸಿಟಿಯ ಆ ತೆರೆ ನನ್ನ ಕಣ್ಣಿಗೂ ಬಿದ್ದಿತ್ತು ಅನ್ನಿ.

ಫೋನಿನಲ್ಲಿ ಹೇಳಿದೆ. ಅವಳು ಸುಮ್ಮನೆ ಕೇಳಿಸಿಕೊಂಡಳು. "ಇದು ನಿಜಾನಾ? ಅಮ್ಮನಿಗೆ ಗೊತ್ತಾ?" ಅಂದಳು. ಅಮ್ಮನಿಗೂ ಗೊತ್ತು.

ಅವರ ಗುಂಪಿನಲ್ಲಿ ಜಗಳವಾಯಿತಂತೆ. ನಿಜವಾಗಿ ಸತ್ತವರನ್ನು ಆಟಕ್ಕೆ ತರಬಾರದು ಅಂತ ಒಬ್ಬ. ನನಗೂ ಅದೇ ಸರಿ ಅನಿಸಿತು. ಹೆಸರು, ಕೊಲೆ ಯಾವುದನ್ನೂ ತರೋದಿಲ್ಲ, ನೆರಳು ಮಾತ್ರ ಮಾತಾಡುತ್ತದೆ ಅಂತ ಒಪ್ಪಂದವಾಯಿತು. ಆ ಒಂದು ದೃಶ್ಯದಲ್ಲಿ ದಾಳ ಇಲ್ಲ. ನೆರಳು ಎರಡು ಪ್ರಶ್ನೆ ಕೇಳುತ್ತದೆ: ನೀವು ಬರುವ ಮೊದಲು ಈ ಬೀದಿ ಯಾರದಾಗಿತ್ತು, ನನ್ನನ್ನು ಕಂಡ ನಿಮ್ಮ ಹಿರಿಯರು ಯಾಕೆ ಸುಮ್ಮನಿದ್ದರು. ಎರಡಕ್ಕೂ ಪಾತ್ರದ ಬಾಯಲ್ಲೇ ಉತ್ತರ ಕೊಡಬೇಕು. ನೆರಳಿನ ಪಾತ್ರ ಅವಳೇ ತಗೊಂಡಿದ್ದಾಳೆ. ಅವಳ ಎದುರು ಕೂರುವ ಹುಡುಗನ ಮನೆ ಮಾತು ಗುಜರಾತಿ. ಅವನೂ ಅವನ ಅಜ್ಜನನ್ನು ಕೇಳಿಕೊಂಡು ಬರುತ್ತಾನಂತೆ.

ಮೊನ್ನೆ ಮತ್ತೆ ಫೋನ್ ಮಾಡಿದ್ದಳು, ಕನ್ನಡ ಬೇಕು ಅಂತ. ಈ ಸಲ ಶಾಪ ಅಲ್ಲ. ನೋಡಿದರೂ ಹೇಳಲಿಲ್ಲ ಅನ್ನೋದಕ್ಕೆ ಏನಂತಾರೆ ಅಂತ ಕೇಳಿದಳು. "ಕಂಡೂ ಸುಮ್ಮನಿದ್ದೆ" ಅಂದೆ. ಅವಳು ನಿಧಾನವಾಗಿ ಬರೆದುಕೊಂಡಳು. 'ಕಂಡೂ' ಬರೆಯುವಾಗ ಕೊನೆಯಲ್ಲಿ ಕೊಂಬು ಗಿಡ್ಡವೋ ಉದ್ದವೋ ಅಂತ ಕೇಳಿದಳು. ಆಟ ಬರುವ ಭಾನುವಾರ, ರಾತ್ರಿ ಎಂಟಕ್ಕೆ. ನನಗೆ ಮೈಕ್ ಆಫ್ ಮಾಡಿ ಕೇಳಲು ಅನುಮತಿ ಸಿಕ್ಕಿದೆ.