ಹಾಸ್ಟೆಲಿನ ಕಡೆಯಿಂದ ಒಂದು ಉತ್ತರ

'ಡಿಗ್ರಿ ಮಾಡಿ ಏನ್ ಕಿತ್ತು ಗುಡ್ಡೆ ಹಾಕಿದ್ರಪ್ಪಾ? ಯಾವ್ದಾದ್ರೂ ಕಸುಬು ಕಲೀಬಾರ್ದಿತ್ತಾ?' ಈ ಮಾತನ್ನು ಊರ ಜಗಲಿಯಲ್ಲೂ ಕೇಳುತ್ತಿದ್ದೇವೆ, ಪೇಟೆಯ ಭಾಷಣಗಳಲ್ಲೂ ಕೇಳುತ್ತಿದ್ದೇವೆ. ಕಾಲೇಜು ಓದು ದಂಡ, ಕೆಲಸ ಸಿಗುವುದಿಲ್ಲ, ಕೈಕಸುಬೇ ಮೇಲು ಎಂಬುದು ಇದರ ಸಾರ. ಮಾತು ಪೂರ್ತಿ ಸುಳ್ಳಲ್ಲ. ಎಂ.ಎ. ಮಾಡಿದ ನಮ್ಮ ಹುಡುಗರು ಗಾರೆ ಕೆಲಸಕ್ಕೆ ಹೋಗುವುದನ್ನು ನಾವೇ ಕಂಡಿದ್ದೇವೆ. ಆದರೆ ಈ ಬುದ್ಧಿಮಾತು ಯಾರ ಬಾಯಿಂದ ಯಾರ ಕಿವಿಗೆ ಬೀಳುತ್ತಿದೆ? ಮೂರು ತಲೆಮಾರು ಓದಿ ಉಂಡವರು ತಮ್ಮ ಮಕ್ಕಳಿಗೆ ಇದನ್ನು ಹೇಳುವುದಿಲ್ಲ. ಚಮ್ಮಾರನ ಮಗನಿಗೆ 'ಕಸುಬು ಕಲಿ' ಎಂದು ಹೇಳುವುದು ಹೊಸ ವಿಚಾರವೇನಲ್ಲ. ಮನು ಹೇಳಿದ್ದೂ ಅದನ್ನೇ.

ಹಾಗೆ ನೋಡಿದರೆ ಕಾಲೇಜನ್ನು ಮೊದಲು ಟೀಕಿಸಿದವರು ನಮ್ಮವರೇ. 1882ರಲ್ಲಿ ಜ್ಯೋತಿಬಾ ಫುಲೆಯವರು ಹಂಟರ್ ಆಯೋಗಕ್ಕೆ ಕೊಟ್ಟ ಮನವಿಯಲ್ಲಿ, ರೈತರ ಬೆವರಿನ ಕಂದಾಯ ಮೇಲ್ಜಾತಿಯವರ ಉನ್ನತ ಶಿಕ್ಷಣಕ್ಕೆ ಹೋಗುತ್ತಿದೆ, ದುಡಿಯುವವರ ಮಕ್ಕಳ ಪ್ರಾಥಮಿಕ ಶಿಕ್ಷಣವನ್ನು ಕೇಳುವವರಿಲ್ಲ ಎಂದು ದೂರಿದರು. ಅವರ ಸಿಟ್ಟು ಓದಿನ ಮೇಲಲ್ಲ, ಯಾರ ದುಡ್ಡಲ್ಲಿ ಯಾರು ಓದುತ್ತಾರೆ ಎಂಬುದರ ಮೇಲೆ. ಮುಂದೆ ಕರ್ನಾಟಕದ ಖಾಸಗಿ ಮೆಡಿಕಲ್ ಕಾಲೇಜುಗಳ ಶುಲ್ಕ ಸುಪ್ರೀಂ ಕೋರ್ಟಿನ ಕಟಕಟೆ ಹತ್ತಿತು. 1992ರ ಮೋಹಿನಿ ಜೈನ್ ಮೊಕದ್ದಮೆಯಲ್ಲಿ ಹೊರಬಿದ್ದ ಲೆಕ್ಕ ಇದು: ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಕರ್ನಾಟಕದವರಿಗೆ 25,000, ಹೊರ ರಾಜ್ಯದವರಿಗೆ 60,000. ಓದಿಗೆ ಬೆಲೆಯಿಲ್ಲ ಎನ್ನುವವರೇ, ಬೆಲೆಯಿಲ್ಲದ ಸರಕಿಗೆ ಇಷ್ಟು ಹಣ ಯಾರು ಸುರಿಯುತ್ತಾರೆ?

ಹಾಗಂತ ಕಾಲೇಜು ಗಂಗಾಜಲವೇನಲ್ಲ. 1973ರ ನವೆಂಬರಿನಲ್ಲಿ, ಆಗ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ಬೀದಿಗಿಳಿದವರು ಯಾರು? ಕಾಲೇಜು ಹುಡುಗರು. ಸಾಹಿತ್ಯದ ಮಾನ ಕಾಯಲು ಹೊರಟವರು ದಲಿತ ವಿದ್ಯಾರ್ಥಿಗಳನ್ನು ಬಡಿದರು. ಬಸವಲಿಂಗಪ್ಪನವರ ಮಂತ್ರಿಗಿರಿ ಹೋಯಿತು. ಓದಿದ ಮಾತ್ರಕ್ಕೆ ಜಾತಿ ಹೋಗದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಆದರೆ ಏಟು ತಿಂದ ಹುಡುಗರು ಸುಮ್ಮನಾಗಲಿಲ್ಲ. ಹಾಸ್ಟೆಲ್ ಕೋಣೆಗಳಲ್ಲಿ ಒಟ್ಟಿಗೆ ಕೂತರು, ಅಂಬೇಡ್ಕರ್ ಅವರನ್ನು ಓದಿದರು, ಹಾಡು ಕಟ್ಟಿದರು. ಆ ಸಿಟ್ಟಿನಲ್ಲೇ ದಲಿತ ಸಂಘರ್ಷ ಸಮಿತಿ ಬೆಳೆಯಿತು. 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು, 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ಸಿದ್ಧಲಿಂಗಯ್ಯನವರ 'ಊರುಕೇರಿ'ಯನ್ನೂ ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ'ವನ್ನೂ ನಾವು ಈ ಕಣ್ಣಿನಿಂದ ಓದಬೇಕು. ಸರ್ಕಾರದ ಸವಲತ್ತು ಪಡೆದವನನ್ನು ಚುಚ್ಚುವ ಮಾತನ್ನೇ ಮಾಲಗತ್ತಿಯವರು ಪುಸ್ತಕಕ್ಕೆ ಹೆಸರಿಟ್ಟರು. ಚುಚ್ಚಿದವರಿಗೇ ಆ ಮಾತು ತಿರುಗಿ ನಾಟಿತು. ಈ ಧೈರ್ಯ ತರಗತಿಯ ನೋಟ್ಸಿನಿಂದ ಬಂದದ್ದಲ್ಲ. ನಮ್ಮ ವಿಶ್ವವಿದ್ಯಾಲಯ ಎಂದರೆ ಹಾಸ್ಟೆಲ್ಲೇ. ನೀರು ಸಾರಿನ ಊಟ, ಒಂದು ರೂಮಲ್ಲಿ ಹತ್ತು ಜನ, ಒಬ್ಬನ ಪುಸ್ತಕ ಹತ್ತು ಕೈಗೆ.

ಇದು ಆಳುವವರಿಗೂ ಗೊತ್ತು. ಅದಕ್ಕೇ ಏಟು ಮೊದಲು ಬೀಳುವುದು ಅಲ್ಲಿಗೆ. 2016ರ ಜನವರಿಯಲ್ಲಿ ಹೈದರಾಬಾದಿನ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ರೋಹಿತ್ ವೇಮುಲ ಮತ್ತು ನಾಲ್ವರು ಗೆಳೆಯರು ಹಾಸ್ಟೆಲಿನಿಂದ ಹೊರಬಿದ್ದು ಬಯಲಲ್ಲಿ ಮಲಗಬೇಕಾಯಿತು. ತಾವು ಹಾಕಿದ ಗುಡಾರಕ್ಕೆ ಅವರು 'ವೆಲಿವಾಡ' ಎಂದರು. ವೆಲಿವಾಡ ಅಂದರೆ ಊರ ಹೊರಗಿನ ಕೇರಿ. ಅದೇ 17ರಂದು ರೋಹಿತ್ ಇಲ್ಲವಾದರು. ಪಿಎಚ್.ಡಿ.ಯವರೆಗೆ ಓದಿ ಬಂದವರನ್ನೂ ವ್ಯವಸ್ಥೆ ಮತ್ತೆ ಕೇರಿಗೇ ದಬ್ಬಿತು.

ನಮ್ಮ ತಪ್ಪನ್ನೂ ಒಪ್ಪಿಕೊಳ್ಳೋಣ. ಓದಿದ ನಮ್ಮವರೇ ಕೈಬಿಟ್ಟರೆಂದು ಬಾಬಾಸಾಹೇಬರು 1956ರಲ್ಲಿ ಆಗ್ರಾದಲ್ಲಿ ನೊಂದು ನುಡಿದಿದ್ದರು. ಹಾಸ್ಟೆಲಿನ ಅನ್ನ ಉಂಡು ನೌಕರಿ ಹಿಡಿದು, ಕೇರಿಯ ದಾರಿ ಮರೆತವರು ನಮ್ಮಲ್ಲಿ ಕಮ್ಮಿಯಿಲ್ಲ. ಕಾಲೇಜು ಓದು ಸಾರ್ಥಕವೋ ಅಲ್ಲವೋ ಎಂಬುದು ಸಂಬಳದ ಚೀಟಿಯಿಂದ ತೀರ್ಮಾನವಾಗದು. ಹೋದವರು ತಿರುಗಿ ಬಂದು ಯಾರ ಕೈ ಹಿಡಿದರು ಎಂಬುದರಿಂದ ತೀರ್ಮಾನವಾಗಬೇಕು.

ಹಳ್ಳಿ ಮೇಷ್ಟ್ರುಗಳಿಗೆ ನಮ್ಮದೊಂದು ಮಾತು. ಹತ್ತನೇ ಕ್ಲಾಸು ಪಾಸಾದ ಹುಡುಗಿಯ ಅಪ್ಪ 'ಮುಂದಕ್ಕೆ ಓದ್ಸಿ ಏನ್ ಬಂತು ಸಾಮಿ?' ಅಂತ ಕೇಳುತ್ತಾನೆ. ಅವನಿಗೆ ನೌಕರಿಯ ಸುಳ್ಳು ಆಸೆ ಹುಟ್ಟಿಸಬೇಡಿ. ಹಾಸ್ಟೆಲಿನ ಅರ್ಜಿ ತಂದು, ಪಕ್ಕ ಕೂತು, ತುಂಬಿಸಿಕೊಡಿ.